ಫಾದರ್ ಯಾಕೆ ನಾಮಪತ್ರ ಹಾಕಲಿಲ್ಲ? ಖಾನಾಪುರ ತಾಲೂಕಿನ ಒಂದು ಪ್ರಕರಣ

2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಅದಕ್ಕೆ ಮುಂಚಿನ ಕೆಲವು ವಾರ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಂಚಿನ ಒಂದು ಊರಿನಲ್ಲಿ ಒಂದೇ ಚರ್ಚೆ. ಅಲ್ಲಿ ಕೆಲಸ ಮಾಡುತ್ತಿದ್ದ ಕ್ಯಾಥೊಲಿಕ್ ಪಾದ್ರಿಯೊಬ್ಬರು ಪಂಚಾಯಿತಿಗೆ ನಿಲ್ಲಬೇಕೋ ಬೇಡವೋ? ನಿಲ್ಲಲೇಬೇಕು ಎಂದು ಗಂಟುಬಿದ್ದವರು ಊರಿನ ಜನರೇ. ಅವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ.

ಊರಿನ ಹೆಸರು, ಜನರ ಹೆಸರು ಇಲ್ಲಿ ಹಾಕಿಲ್ಲ. ಅವರೆಲ್ಲ ಅಕ್ಕಪಕ್ಕದಲ್ಲೇ ಬದುಕಬೇಕಾದವರು. ನಾನು ಬೆಳಗಾವಿ ಕ್ಯಾಂಪ್ ಕಡೆಯ ಕ್ಯಾಥೊಲಿಕ್, ಸಂಸಾರಸ್ಥ. ಆ ಊರಿನ ಶಾಲೆಯ ಲೆಕ್ಕಪತ್ರ ನೋಡಿಕೊಡಲು ಹೋಗಿ ಬರುತ್ತಿದ್ದೆ. ಹೀಗಾಗಿ ಈ ಮಾತುಕತೆಗಳಲ್ಲಿ ನಾನೂ ಕೂತಿದ್ದೆ.

ಮೊದಲೇ ಹೇಳಿಬಿಡುತ್ತೇನೆ. ಪಾದ್ರಿಗಳು ಚುನಾವಣೆಗೆ ನಿಲ್ಲಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ "ಧರ್ಮ ಬೇರೆ, ರಾಜಕೀಯ ಬೇರೆ" ಎಂದು ಕೈತೊಳೆದುಕೊಳ್ಳುವವರ ಜೊತೆ ನಾನಿಲ್ಲ. ನೀರು, ರಸ್ತೆ, ರೇಷನ್ ಕಾರ್ಡು ಎಲ್ಲವೂ ರಾಜಕೀಯವೇ. ಅದರಿಂದ ದೂರ ಇರುವ ಪಾದ್ರಿ ಬಡವರಿಂದಲೂ ದೂರ ಇರುತ್ತಾರೆ. ನನ್ನ ಕಾರಣ ಬೇರೆ. ಅದು ನನಗೆ ಸ್ಪಷ್ಟವಾಗಿದ್ದು ಈ ಊರಿನಲ್ಲಿ.

ಊರು ಮತ್ತು ಕೆಲಸ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಮಳೆಗಾಲದಲ್ಲಿ ಇಲ್ಲಿನ ಎಷ್ಟೋ ಊರುಗಳಿಗೆ ದಾರಿ ಕಡಿದುಹೋಗುತ್ತದೆ. ಬೇಸಿಗೆ ಬಂದರೆ ಅದೇ ಊರುಗಳಲ್ಲಿ ಕೊಡ ಹಿಡಿದು ಅಲೆಯಬೇಕು. 2011ರಲ್ಲಿ ಭೀಮಗಡ ವನ್ಯಜೀವಿ ಧಾಮ ಘೋಷಣೆಯಾದ ಮೇಲೆ ಕಾಡೊಳಗಿನ ಮತ್ತು ಕಾಡಂಚಿನ ಜನಕ್ಕೆ ಇನ್ನೊಂದು ಆತಂಕ ಸೇರಿಕೊಂಡಿತು. ನಮ್ಮ ಭೂಮಿ ನಮ್ಮದಾಗಿ ಉಳಿಯುತ್ತಾ?

ಫಾದರ್ ಒಂದು ಧಾರ್ಮಿಕ ಸಭೆಗೆ, ಅಂದರೆ ವ್ರತ ತೊಟ್ಟವರ ಒಂದು ಸಂಘಕ್ಕೆ, ಸೇರಿದವರು. ಅವರ ಚರ್ಚು ಚಿಕ್ಕದು, ಶಾಲೆ ದೊಡ್ಡದು. ಅವರು ಹೆಚ್ಚು ಹೊತ್ತು ಕಳೆದದ್ದು ಮಾತ್ರ ಅರಣ್ಯ ಹಕ್ಕು ಅರ್ಜಿಗಳ ಮೇಲೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದರೆಂದು ತೋರಿಸಬೇಕು. ಓದು ಬರಹ ಇಲ್ಲದ ಮನೆಗಳಲ್ಲಿ ಅಷ್ಟು ಹಳೆಯ ದಾಖಲೆ ಎಲ್ಲಿಂದ ತರುವುದು? ಫಾದರ್ ಮನೆಮನೆಗೆ ಹೋಗಿ ಟ್ರಂಕುಗಳನ್ನು ತೆಗೆಸಿ, ಹಳೇ ರಸೀದಿ ಹುಡುಕಿಸಿ, ಹಿರಿಯರ ಹೇಳಿಕೆ ಬರೆಸಿದರು. 2020ರ ಲಾಕ್‌ಡೌನ್‌ನಲ್ಲಿ ಶಾಲೆಯ ಕೋಣೆಯಲ್ಲೇ ಅಕ್ಕಿ, ಬೇಳೆ ಇಟ್ಟು ಹಂಚಿದರು. ಗೋವಾದಿಂದ ಕೆಲಸ ಕಳೆದುಕೊಂಡು ವಾಪಸ್ ಬಂದ ಹುಡುಗರಿಗೆ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಮಾಡಿಸಿದರು.

ಆ ವರ್ಷದ ಕೊನೆಗೆ ಚುನಾವಣೆ ಬಂತು.

ಕೇಳಿಕೆ

ಶಾಲೆಯ ಪಡಸಾಲೆಯಲ್ಲಿ ಒಂದು ಸಂಜೆ ಊರಿನ ಹಿರಿಯರು, ಸ್ತ್ರೀ ಶಕ್ತಿ ಸಂಘದ ಹೆಣ್ಣುಮಕ್ಕಳು, ಕೆಲವು ಹುಡುಗರು ಬಂದು ಕೂತರು.

"ಫಾದರ್, ಈ ಸಲ ನೀವ ನಿಂದರ್ರಿ. ನಿಮ್ಮ ಎದುರು ಯಾರೂ ನಿಂದ್ರಂಗಿಲ್ಲ," ಅಂದರು ಒಬ್ಬ ಹಿರಿಯರು.

"ನಾ ಪಂಚಾಯ್ತಿಗೆ ಹೋದ್ರ ಪೂಜಿ ಯಾರ ಮಾಡ್ಬೇಕ್ರೀ ಯಜಮಾನ್ರ?" ಎಂದು ಫಾದರ್ ನಕ್ಕರು.

"ಎರಡೂ ಮಾಡ್ರಿ. ಯೋಗಿ ಆದಿತ್ಯನಾಥ ಮುಖ್ಯಮಂತ್ರಿ ಆಗ್ಯಾರ. ನಮ್ಮ ಸ್ವಾಮ್ಗೋಳು ಬೀದಿಗಿಳಿದು ಹೋರಾಟ ಮಾಡ್ತಾರ. ನಿಮಗಷ್ಟ ಯಾಕ ಬ್ಯಾಡ?"

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಮ್ಮ ಭಾಗದಲ್ಲಿ ಮಠ ಮತ್ತು ರಾಜಕೀಯ ಬೇರೆ ಬೇರೆಯಾಗಿ ಇದ್ದದ್ದು ಕಡಿಮೆ. 2017ರ ಆಗಸ್ಟ್‌ನಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮಕ್ಕಾಗಿ ಬೆಳಗಾವಿಯಲ್ಲಿ ನಡೆದ ದೊಡ್ಡ ಸಮಾವೇಶ ಊರವರಿಗೆಲ್ಲ ನೆನಪಿತ್ತು. ಆಮೇಲೆ, 2021ರ ಜನವರಿಯಲ್ಲಿ, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಿಂದ ಪಂಚಮಸಾಲಿ ಮೀಸಲಾತಿಗಾಗಿ ಜಯಮೃತ್ಯುಂಜಯ ಸ್ವಾಮೀಜಿಯವರ ಪಾದಯಾತ್ರೆ ಹೊರಟಿತು. 2024ರಲ್ಲಿ ಶಿರಹಟ್ಟಿಯ ದಿಂಗಾಲೇಶ್ವರ ಸ್ವಾಮೀಜಿ ಧಾರವಾಡ ಲೋಕಸಭೆಗೆ ನಾಮಪತ್ರ ಹಾಕಿ, ಆಮೇಲೆ ವಾಪಸ್ ತೆಗೆದುಕೊಂಡರು. ಇಂಥ ವಾತಾವರಣದಲ್ಲಿ ಬೆಳೆದ ಜನಕ್ಕೆ ಫಾದರ್ ಹಿಂಜರಿಯುವುದು ವಿಚಿತ್ರವಾಗಿಯೇ ಕಂಡಿತು.

ಫಾದರ್ ಆ ದಿನ "ಇಲ್ಲ" ಎನ್ನಲಿಲ್ಲ. ವಿಚಾರ ಮಾಡುತ್ತೇನೆ ಅಂದರು. ನಿಜವಾಗಿಯೂ ವಿಚಾರ ಮಾಡಿದರು ಕೂಡ. ಅವರಿಗೆ ಆಸೆ ಇತ್ತು, ಅಧಿಕಾರದ ಆಸೆಯಲ್ಲ. ಪಂಚಾಯಿತಿ ಆಫೀಸಿನ ಬೆಂಚಿನ ಮೇಲೆ ಕಾದು ಕಾದು ಸಾಕಾಗಿದ್ದ ಮನುಷ್ಯ, ಒಳಗೆ ಕೂತು ಸಹಿ ಹಾಕಿಸಿದರೆ ಎಷ್ಟು ಬೇಗ ಕೆಲಸ ಆಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು.

ಕಾನೂನು ಏನು ಹೇಳುತ್ತದೆ

ದೇಶದ ಕಾನೂನಿನ ಪ್ರಕಾರ ಅಡ್ಡಿ ಇರಲಿಲ್ಲ. ಫಾದರ್ ಅದೇ ಊರಿನ ಮತದಾರರ ಪಟ್ಟಿಯಲ್ಲಿದ್ದರು, 21 ದಾಟಿತ್ತು, ಅಷ್ಟು ಸಾಕು. ನಮ್ಮ ಸಂವಿಧಾನ ಧರ್ಮಗುರುಗಳನ್ನು ಚುನಾವಣೆಯಿಂದ ಹೊರಗಿಡುವುದಿಲ್ಲ. ಸಂವಿಧಾನ ರಚನಾ ಸಭೆಯಲ್ಲೇ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಭೆಯ, ಮಂಗಳೂರು ಮೂಲದ ಪಾದ್ರಿ ಜೆರೋಮ್ ಡಿಸೋಜಾ ಸದಸ್ಯರಾಗಿದ್ದರು.

ಅಡ್ಡಿ ಬರುವುದು ಚರ್ಚಿನ ಕಾನೂನಿನಿಂದ. 1983ರ ಕ್ಯಾನನ್ ಕಾನೂನಿನ 285ನೇ ನಿಯಮದ ಮೂರನೇ ಭಾಗದಲ್ಲಿ, ಸರ್ಕಾರಿ ಅಧಿಕಾರ ಚಲಾಯಿಸುವ ಹುದ್ದೆಗಳನ್ನು ಪಾದ್ರಿಗಳು ಹಿಡಿಯುವಂತಿಲ್ಲ ಎಂದಿದೆ. 287ನೆಯದು ಸ್ವಲ್ಪ ಸಡಿಲ. ಪಕ್ಷದಲ್ಲಿ ಸಕ್ರಿಯವಾಗಬೇಡಿ ಅನ್ನುತ್ತದೆ, ಆದರೆ ಚರ್ಚಿನ ಹಕ್ಕು ಉಳಿಸಲು ಅಥವಾ ಎಲ್ಲರ ಒಳಿತಿಗೆ ಅಗತ್ಯ ಎಂದು ಮೇಲಿನವರಿಗೆ ಅನ್ನಿಸಿದರೆ ಅವಕಾಶ ಕೊಡುತ್ತದೆ. ಧಾರ್ಮಿಕ ಸಭೆಗಳ ಸದಸ್ಯರಿಗೂ ಇವೇ ನಿಯಮ.

ಶಾಲೆಯ ಒಬ್ಬ ಯುವ ಮಾಸ್ತರು ಇಲ್ಲೊಂದು ಚುರುಕಾದ ಮಾತು ತೆಗೆದರು. "ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲವಲ್ಲ ಸರ್. ಪಕ್ಷವೇ ಇಲ್ಲದ ಮೇಲೆ ನಿಯಮ ಎಲ್ಲಿ ಅಡ್ಡ ಬರುತ್ತದೆ?" ಚೆನ್ನಾಗಿಯೇ ಯೋಚಿಸಿದ್ದರು. ಆದರೆ ಅವರ ವಾದ 287ಕ್ಕೆ ಉತ್ತರ ಆಗುತ್ತದೆ, 285ಕ್ಕೆ ಆಗುವುದಿಲ್ಲ. ಪಂಚಾಯಿತಿ ತೆರಿಗೆ ಹಾಕುತ್ತದೆ, ಫಲಾನುಭವಿಗಳನ್ನು ಆರಿಸುತ್ತದೆ, ದುಡ್ಡು ಖರ್ಚು ಮಾಡುತ್ತದೆ. ಅದು ಅಧಿಕಾರವೇ. ಚಿಹ್ನೆ ಇಲ್ಲದಿದ್ದರೂ ಯಾರ ಹಿಂದೆ ಯಾವ ಪಕ್ಷ ಇದೆ ಎಂದು ಊರಿನ ಮಗುವಿಗೂ ಗೊತ್ತಿರುತ್ತದೆ, ಅಲ್ವಾ?

ನಿಯಮ ಇದೆ ಎಂದ ಮಾತ್ರಕ್ಕೆ ಅದು ಸರಿ ಎಂದಾಗುವುದಿಲ್ಲ. ಬೆಳಗಾವಿಯ ನನ್ನ ಗೆಳೆಯರೊಬ್ಬರು ಮೆಥಡಿಸ್ಟ್ ಪಾಸ್ಟರ್, ಅಂದರೆ ರೋಮಿಗೆ ಒಳಪಡದ ಪ್ರೊಟೆಸ್ಟಂಟ್ ಪಂಗಡದವರು. ಅವರು ನನ್ನನ್ನು ಸುಮ್ನೆ ಬಿಡಲಿಲ್ಲ. "ರೋಮಿನ ನಿಯಮ ನಿಮಗೆ. ನಮ್ಮ ಕಡೆ ನೋಡ್ರಿ," ಎಂದು ಇಬ್ಬರ ಹೆಸರು ಹೇಳಿದರು. ಒಬ್ಬರು ಖಾಸಿ ಬೆಟ್ಟಗಳ ರೆವರೆಂಡ್ ಜೆ.ಜೆ.ಎಂ. ನಿಕೋಲ್ಸ್ ರಾಯ್. ಅವರೂ ಸಂವಿಧಾನ ರಚನಾ ಸಭೆಯಲ್ಲಿದ್ದರು. ಗೋಪಿನಾಥ ಬೋರ್ಡೊಲೊಯಿ ಅಧ್ಯಕ್ಷತೆಯ ಉಪಸಮಿತಿಯ ಸದಸ್ಯರಾಗಿ ಸಂವಿಧಾನದ ಆರನೇ ಅನುಸೂಚಿಗೆ ದುಡಿದರು. ಈಶಾನ್ಯದ ಬುಡಕಟ್ಟು ಜನರ ಸ್ವಾಯತ್ತ ಜಿಲ್ಲಾ ಮಂಡಳಿಗಳು ಇವತ್ತಿಗೂ ನಿಂತಿರುವುದು ಅದರ ಮೇಲೆ. ಇನ್ನೊಬ್ಬರು ಅಮೆರಿಕದ ರಾಫೆಲ್ ವಾರ್ನಾಕ್. ಮಾರ್ಟಿನ್ ಲೂಥರ್ ಕಿಂಗ್ ಪಾಸ್ಟರ್ ಆಗಿದ್ದ ಅಟ್ಲಾಂಟಾದ ಎಬೆನೇಜರ್ ಚರ್ಚಿನಲ್ಲೇ ಪಾಸ್ಟರ್ ಆಗಿದ್ದುಕೊಂಡು 2021ರಿಂದ ಸೆನೆಟರ್ ಆಗಿದ್ದಾರೆ.

ನಿಕೋಲ್ಸ್ ರಾಯ್ ಉದಾಹರಣೆ ನನ್ನನ್ನು ತುಂಬ ಕಾಡಿತು. ಆ ಮನುಷ್ಯ "ನಾನು ಧರ್ಮಗುರು, ನನಗ್ಯಾಕೆ" ಎಂದು ದೂರ ಉಳಿದಿದ್ದರೆ ಆ ಜನಕ್ಕೆ ನಷ್ಟವಾಗುತ್ತಿತ್ತು. ಇದನ್ನು ನಾನು ಒಪ್ಪಲೇಬೇಕು. ಆದರೆ ಅದು ಹೊಸ ದೇಶ ಕಟ್ಟುವ ಕಾಲ, ತಮ್ಮ ಜನರ ಪರವಾಗಿ ಮಾತಾಡಬಲ್ಲ ಓದಿದವರು ಕಡಿಮೆ ಇದ್ದ ಬೆಟ್ಟಸೀಮೆ. ನಮ್ಮ ಊರಿನಲ್ಲಿ ಮಾತಾಡಬಲ್ಲವರು ಇದ್ದರು. ಅವರ ಕಡೆ ಯಾರೂ ನೋಡಿರಲಿಲ್ಲ, ಅಷ್ಟೇ.

ಇಬ್ಬರಿಗೆ ಉತ್ತರ ಹೇಳುವುದು ಹೇಗೆ

ಫಾದರ್‌ಗೆ ನಾನು ಕೇಳಿದ ಮೊದಲ ಪ್ರಶ್ನೆ ಇದು. ಗೆದ್ದ ಮೇಲೆ ನಿಮ್ಮ ಸಭೆಯವರು ಬೇರೆ ಕಡೆ ವರ್ಗ ಮಾಡಿದರೆ ಏನು ಮಾಡುತ್ತೀರಿ? ಪಾದ್ರಿಯಾದವರು ವಿಧೇಯತೆಯ ಮಾತು ಕೊಟ್ಟಿರುತ್ತಾರೆ. ಮೇಲಿನವರು ಹೋಗು ಅಂದರೆ ಹೋಗಬೇಕು. ವೋಟು ಹಾಕಿದವರು ಇರು ಅಂದರೆ ಇರಬೇಕು.

ಅಮೆರಿಕದ ರಾಬರ್ಟ್ ಡ್ರೈನನ್ ಕಥೆ ಇಲ್ಲಿ ನೇರವಾಗಿ ಹೊಂದುತ್ತದೆ. ಅವರು ಜೆಸ್ವಿಟ್ ಪಾದ್ರಿ. ಮ್ಯಾಸಚೂಸೆಟ್ಸ್‌ನಿಂದ ಐದು ಸಲ ಗೆದ್ದು 1971ರಿಂದ 1981ರವರೆಗೆ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿದ್ದರು. 1980ರಲ್ಲಿ ರೋಮಿನಿಂದ ಮತ್ತೆ ನಿಲ್ಲಬಾರದು ಎಂಬ ಆದೇಶ ಬಂತು. ಅವರು ತಲೆಬಾಗಿದರು. ಪಾದ್ರಿಯಾಗಿ ಅದು ಸರಿಯಾದ ನಡೆ. ಆದರೆ ಮತದಾರರ ಕಡೆಯಿಂದ ನೋಡಿ. ಅವರ ಪ್ರತಿನಿಧಿ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸಿದವರು, ಅವರು ಆರಿಸದೇ ಇದ್ದ ಯಾರೋ ದೂರದವರು. ನಿಕರಾಗುವಾದ ಕವಿ, ಪಾದ್ರಿ ಎರ್ನೆಸ್ತೊ ಕಾರ್ದೆನಾಲ್ ಇದರ ಉಲ್ಟಾ ಮಾಡಿದರು. ಸಂಸ್ಕೃತಿ ಮಂತ್ರಿ ಹುದ್ದೆ ಬಿಡಲಿಲ್ಲ. 1983ರಲ್ಲಿ ಮನಾಗುವಾ ವಿಮಾನ ನಿಲ್ದಾಣದಲ್ಲಿ ಎಲ್ಲರ ಮುಂದೆ ಪೋಪ್ ಎರಡನೇ ಜಾನ್ ಪಾಲ್ ಅವರಿಂದ ಬೈಸಿಕೊಂಡರು. ಪೂಜೆ ಅರ್ಪಿಸುವ ಹಕ್ಕು ಕಳೆದುಕೊಂಡರು. ಅದು ವಾಪಸ್ ಸಿಕ್ಕಿದ್ದು 2019ರಲ್ಲಿ, ಪೋಪ್ ಫ್ರಾನ್ಸಿಸ್ ಕಾಲದಲ್ಲಿ, ಅವರು ಹಾಸಿಗೆ ಹಿಡಿದಿದ್ದಾಗ.

ಪರಗ್ವೆಯ ಬಿಷಪ್ ಫೆರ್ನಾಂದೊ ಲುಗೊ ಅವರದು ಇನ್ನೊಂದು ದಾರಿ. 2008ರಲ್ಲಿ ರಾಷ್ಟ್ರಾಧ್ಯಕ್ಷರಾಗಿ ಗೆದ್ದ ಮೇಲೆ ವ್ಯಾಟಿಕನ್ ಅವರನ್ನು ಧರ್ಮಾಧ್ಯಕ್ಷ ಸ್ಥಾನದ ಹೊಣೆಯಿಂದ ಪೂರ್ತಿ ಬಿಡಿಸಿ ಸಾಮಾನ್ಯ ವಿಶ್ವಾಸಿಯನ್ನಾಗಿ ಮಾಡಿತು. ರಾಜಕೀಯಕ್ಕೆ ಹೋಗಲೇಬೇಕು ಅನ್ನಿಸಿದ ಪಾದ್ರಿಗೆ ಪ್ರಾಮಾಣಿಕವಾದ ದಾರಿ ಇದೇ ಎಂದು ನನ್ನ ನಂಬಿಕೆ. ಪಾದ್ರಿಯ ನಿಲುವಂಗಿ ಬಿಟ್ಟು ಹೋಗಿ, ನಾಗರಿಕನಾಗಿ ವೋಟು ಕೇಳಿ. ನಮ್ಮ ಫಾದರ್‌ಗೆ ಅದು ಬೇಕಿರಲಿಲ್ಲ.

"ನೀವು ಯಾವ ಕಡೆ?"

ಬೆಳಗಾವಿ ಜಿಲ್ಲೆಯಲ್ಲಿ, ಅದರಲ್ಲೂ ಖಾನಾಪುರದಲ್ಲಿ, ಚುನಾವಣೆಗೆ ನಿಂತವರಿಗೆ ತಪ್ಪದ ಒಂದು ಪ್ರಶ್ನೆ ಇದೆ. ಕನ್ನಡವೋ, ಮರಾಠಿಯೋ? ಗಡಿ ವಿವಾದದ ಬಗ್ಗೆ 1967ರ ಮಹಾಜನ್ ವರದಿ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಒಯ್ದ ದಾವೆ, ಇವೆಲ್ಲ ಇಲ್ಲಿ ಪುಸ್ತಕದ ಸಂಗತಿಗಳಲ್ಲ. ಎಂಇಎಸ್ (ಮಹಾರಾಷ್ಟ್ರ ಏಕೀಕರಣ ಸಮಿತಿ) ಬೆಂಬಲದ ಶಾಸಕರನ್ನು ಕಳಿಸಿದ ತಾಲೂಕು ಇದು. ಫಾದರ್ ಚರ್ಚಿನಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರರಲ್ಲೂ ಪೂಜೆ ಆಗುತ್ತಿತ್ತು. ಯಾವ ಭಾನುವಾರ ಯಾವ ಭಾಷೆ ಅನ್ನುವುದರ ಮೇಲೆಯೇ ಆಗಾಗ ಮುನಿಸು ಆಗುತ್ತಿತ್ತು. ಅವರು ಅದನ್ನು ಹೇಗೋ ಸರಿದೂಗಿಸಿಕೊಂಡು ಬಂದಿದ್ದರು, ಯಾಕೆಂದರೆ ಅವರು ಯಾರ ಕಡೆಯವರೂ ಆಗಿರಲಿಲ್ಲ. ನಾಮಪತ್ರ ಹಾಕಿದ ದಿನವೇ ಆ ಸೌಕರ್ಯ ಹೋಗುತ್ತಿತ್ತು.

ಇನ್ನೊಂದು ಭಯವೂ ಇತ್ತು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಇಂಥ ಊರುಗಳಲ್ಲಿ ನಾಲ್ಕಾರು ಮನೆಗಳಷ್ಟೇ. ಪಾದ್ರಿ ನಿಂತರೆ ಎದುರಾಳಿಗೆ "ಮತಾಂತರ" ಎಂಬ ಒಂದು ಪದ ಸಾಕು. ಅದರ ಏಟು ಫಾದರ್‌ಗಿಂತ ಜಾಸ್ತಿ ಬೀಳುವುದು ಆ ಬಡ ಮನೆಗಳಿಗೆ. ಆ ಮನೆಗಳವರು ಪಡಸಾಲೆಯ ಸಭೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಆಮೇಲೆ ಒಬ್ಬ ತಾಯಿ ಬಂದು, "ಫಾದರ್, ಬ್ಯಾಡ್ರಿ. ನೀವು ನಾಳೆ ಬ್ಯಾರೆ ಊರಿಗೆ ಹೋಗವ್ರು, ನಾವು ಇಲ್ಲೇ ಇರವ್ರು," ಅಂದಳು.

ಹಂಗಿನ ವೋಟು

ಇಷ್ಟೆಲ್ಲ ಇದ್ದರೂ ನನ್ನ ಮನಸ್ಸು ಗಟ್ಟಿಯಾಗಿದ್ದು ಒಬ್ಬ ಅಜ್ಜಿಯ ಮಾತಿನಿಂದ. ಆಕೆ ಫಾದರ್ ನಿಲ್ಲಲಿ ಎನ್ನುವವರ ಗುಂಪಿನಲ್ಲೇ ಇದ್ದಳು. ನಾನು ಕೇಳಿದೆ, "ಅಜ್ಜಿ, ಅವರು ನಿಂತರೆ ನೀವು ಬೇರೆಯವರಿಗೆ ವೋಟು ಹಾಕಬಹುದಾ?" ಆಕೆಗೆ ಆಶ್ಚರ್ಯವಾಯಿತು.

"ಹೆಂಗ ಹಾಕ್ಲಿ ಯಪ್ಪಾ? ಅವರ ಸಾಲಿಯಾಗ ನನ್ನ ಮೊಮ್ಮಕ್ಕಳು ಕಲೀತಾವ. ಅವರು ಕೊಟ್ಟ ಅಕ್ಕಿ ಉಂಡೀನಿ. ಬ್ಯಾರೇದವ್ರಿಗೆ ಹಾಕಿದ್ರ ನನಗ ಅನ್ನ ಇಳೀತೈತೇನು?"

ಪ್ರೀತಿಯಿಂದಲೇ ಹೇಳಿದಳು. ನನಗೆ ಮಾತ್ರ ಎದೆ ಧಸಕ್ಕೆಂದಿತು. ಆಕೆಗೆ "ಬೇಡ" ಎನ್ನುವ ದಾರಿಯೇ ಇರಲಿಲ್ಲ. ಬೇಡ ಎನ್ನಲು ಆಗದ ವೋಟು ಎಂಥ ವೋಟು?

ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಲ್ಲಿ, ದೇವರ ಕೋಪಕ್ಕೆ ಗುರಿಯಾಗುತ್ತೀ ಎಂದು ಮತದಾರರನ್ನು ಹೆದರಿಸುವುದನ್ನು ಭ್ರಷ್ಟ ಆಚರಣೆ ಎಂದು ಎಣಿಸಿದ್ದಾರೆ. ಧರ್ಮದ ಹೆಸರಲ್ಲಿ ವೋಟು ಕೇಳುವುದೂ ಅದರಲ್ಲೇ ಬರುತ್ತದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಲ್ಲಿ ಇದನ್ನು ಇನ್ನೂ ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮ ಅಷ್ಟೇ ಅಲ್ಲ, ಮತದಾರರ ಧರ್ಮವನ್ನು ಹೇಳಿ ಕೇಳಿದರೂ ತಪ್ಪೇ ಎಂದಿತು. ಆ ಕಾಯ್ದೆ ಇರುವುದು ವಿಧಾನಸಭೆ, ಲೋಕಸಭೆ ಚುನಾವಣೆಗಳಿಗೆ. ಆದರೆ ಅದರ ಒಳ ವಿಚಾರ ಎಲ್ಲ ಕಡೆಗೂ ಸಲ್ಲುತ್ತದೆ. ಹೆದರಿಕೆಯನ್ನು ಕಾನೂನು ಗುರುತಿಸಿದೆ. ಉಪಕಾರದ ಹಂಗನ್ನು ಯಾವ ಕಾನೂನೂ ಗುರುತಿಸಲಾರದು. ಅದನ್ನು ಪಾದ್ರಿಯೇ ಗುರುತಿಸಿಕೊಳ್ಳಬೇಕು.

ಇದಕ್ಕೆ ಮಾಸ್ತರು ಸರಿಯಾದ ಆಕ್ಷೇಪವನ್ನೇ ಎತ್ತಿದರು. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆ ಕೈಯಲ್ಲಿರುವವರು, ಸಹಕಾರಿ ಸಂಘದ ಸಾಲ ಕೊಡಿಸುವವರು ನಿಲ್ಲುವುದಿಲ್ಲವಾ? ಕಬ್ಬಿನ ಬಿಲ್ಲಿಗೆ ಕಾಯುವ ರೈತನ ವೋಟು ಹಂಗಿನದಲ್ಲವಾ? ಪಾದ್ರಿಗೆ ಮಾತ್ರ ಯಾಕೆ ಈ ಮಡಿ?

ಅವರ ಮಾತು ನಿಜ. ಆ ವೋಟೂ ಹಂಗಿನದೇ. ಆದರೆ ಅದೇ ಕಾರಣಕ್ಕೆ ಫಾದರ್ ದೂರ ನಿಲ್ಲಬೇಕಿತ್ತು. ಕಾರ್ಖಾನೆಯವರು ಕೊಟ್ಟಿದ್ದಕ್ಕೆ ವೋಟು ಕೇಳುವುದು ತಪ್ಪು ಎಂದು ಊರಿನಲ್ಲಿ ಹೇಳಬಲ್ಲವರು ಅವರೊಬ್ಬರೇ. ತಾವೂ ಕೊಟ್ಟಿದ್ದಕ್ಕೆ ವೋಟು ಪಡೆದರೆ ಆ ಮಾತು ಯಾವ ಬಾಯಿಂದ ಆಡುವುದು? ಅಕ್ಕಿ ಕೊಟ್ಟಾಗ ಅವರ ಮನಸ್ಸಿನಲ್ಲಿ ಚುನಾವಣೆ ಇರಲಿಲ್ಲ. ನಾಮಪತ್ರ ಹಾಕಿದ್ದರೆ ಆ ಹಳೆಯ ಅಕ್ಕಿಯೆಲ್ಲ ಪ್ರಚಾರವಾಗಿಬಿಡುತ್ತಿತ್ತು. ಶಾಲೆಗೆ ಸೇರಿಸಿಕೊಂಡದ್ದು, ಟ್ರಂಕು ಹುಡುಕಿಸಿದ್ದು ಎಲ್ಲವೂ.

ಆಮೇಲೆ ನಡೆದದ್ದು

ಫಾದರ್ ನಾಮಪತ್ರ ಹಾಕಲಿಲ್ಲ. ಮೇಲಿನವರನ್ನು ಕೇಳಲೂ ಇಲ್ಲ. "ಅವರು ಬ್ಯಾಡ ಅಂದ್ರು ಅಂತ ಜನರಿಗೆ ಹೇಳಿದ್ರ ನಾ ತಪ್ಪಿಸ್ಕೊಂಡಂಗ ಆಗ್ತೈತಿ. ನನ್ನ ಬಾಯಿಂದನ ಹೇಳ್ತೀನಿ," ಅಂದರು. ಹೇಳಿದರು. ಜನ ಬೇಜಾರು ಮಾಡಿಕೊಂಡು ಎದ್ದುಹೋದರು.

ಕೊನೆಗೆ ಸ್ತ್ರೀ ಶಕ್ತಿ ಸಂಘದ ಒಬ್ಬ ಹೆಣ್ಣುಮಗಳು ನಿಂತಳು. ಮನೆಮಾತು ಮರಾಠಿ, ಕಲಿತದ್ದು ಕನ್ನಡ ಶಾಲೆಯಲ್ಲಿ, ಹಿಂದೂ. ಲಾಕ್‌ಡೌನ್‌ನಲ್ಲಿ ಯಾವ ಮನೆಗೆ ಎಷ್ಟು ಅಕ್ಕಿ ಎಂದು ಪಟ್ಟಿ ಬರೆದವಳು ಅವಳೇ. ಜಾಬ್ ಕಾರ್ಡಿಗಾಗಿ ಪಂಚಾಯಿತಿಯಲ್ಲಿ ಜಗಳ ಆಡಿದವಳೂ ಅವಳೇ. ಫಾದರ್ ಕೆಲಸ ಎಂದು ಎಲ್ಲರೂ ಹೇಳುತ್ತಿದ್ದುದರಲ್ಲಿ ಅರ್ಧ ಅವಳದ್ದಿತ್ತು. ಫಾದರ್ ನಿಂತಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಫಾದರ್ ಅವಳ ಪರ ಪ್ರಚಾರ ಮಾಡಲಿಲ್ಲ. ಶಾಲೆಯ ಕೋಣೆಯನ್ನು ಯಾರ ಸಭೆಗೂ ಕೊಡಲಿಲ್ಲ. ಧಾರ್ಮಿಕ ಸಂಸ್ಥೆಯ ಜಾಗವನ್ನು ರಾಜಕೀಯಕ್ಕೆ ಬಳಸಬಾರದು ಎಂದು 1988ರ ಒಂದು ಕೇಂದ್ರ ಕಾಯ್ದೆಯೇ ಇದೆ. ಒಂದು ಭಾನುವಾರ ಪ್ರಬೋಧನೆಯಲ್ಲಿ, ದುಡ್ಡು ತಗೊಂಡು ವೋಟು ಹಾಕಬೇಡಿ ಎಂದು ಮಾತ್ರ ಹೇಳಿದರು. ಎದುರಿನ ಅಭ್ಯರ್ಥಿ ಒಬ್ಬ ಗುತ್ತಿಗೆದಾರ. ತನಗೇ ಹೇಳಿದ್ದು ಎಂದು ಅವನು ಗಲಾಟೆ ಮಾಡಿದ. ಫಾದರ್ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ, ಅದು ಸರಿಯೇ. ಆ ಮಾತು ಆಡಲಾರದ ಚರ್ಚು ಇದ್ದೇನು ಉಪಯೋಗ?

ಅವಳು ಸೋತಳು, ಸ್ವಲ್ಪದರಲ್ಲಿ. "ನೀವು ನಿಂತಿದ್ರ ಗೆಲ್ತಿದ್ವಿ," ಎಂದು ಜನ ಫಾದರ್ ಮುಖಕ್ಕೇ ಅಂದರು. ನಿಜ, ಗೆಲ್ಲುತ್ತಿದ್ದರು. ಕೆಲವು ಮನೆಯವರು ತುಂಬ ದಿನ ಅವರ ಜೊತೆ ಮಾತು ಬಿಟ್ಟರು. ನೀರಿನ ಕೆಲಸ ಆ ಅವಧಿಯಲ್ಲಿ ಪೂರ್ತಿ ಆಗಲಿಲ್ಲ. ಈ ಬೆಲೆಯನ್ನು ನಾನು ಮುಚ್ಚಿಡಲಾರೆ, ಅದನ್ನು ಕೊಟ್ಟವರು ಫಾದರ್ ಅಲ್ಲ, ಕೊಡ ಹೊತ್ತ ಹೆಣ್ಣುಮಕ್ಕಳು.

ಆದರೂ ಗ್ರಾಮಸಭೆ ಅನ್ನುವುದು ಇತ್ತು. ಅಲ್ಲಿ ಪ್ರತಿ ಮತದಾರನಿಗೂ ಎದ್ದು ನಿಂತು ಕೇಳುವ ಹಕ್ಕಿದೆ. ಯಾವ ಕ್ಯಾನನ್ ನಿಯಮವೂ ಅದಕ್ಕೆ ಅಡ್ಡ ಬರುವುದಿಲ್ಲ. ಫಾದರ್ ಒಬ್ಬ ಮತದಾರನಾಗಿ ಹೋಗಿ ಕೂರುತ್ತಿದ್ದರು. ಮೊದಲು ಮಾತಾಡುತ್ತಿದ್ದವಳು ಸೋತ ಆ ಹೆಣ್ಣುಮಗಳು. ಅರಣ್ಯ ಹಕ್ಕು ಸಮಿತಿಯ ಕಡತ ಈಗ ಅವಳ ಕೈಯಲ್ಲಿತ್ತು. ಗುತ್ತಿಗೆದಾರ ಸದಸ್ಯನಿಗೆ ಫಾದರ್ ಎದುರಾಳಿಯಾಗಿ ನಿಂತಿರಲಿಲ್ಲವಲ್ಲ, ಹೀಗಾಗಿ ಶಾಲೆಯ ರಸ್ತೆಗೆ ಅವನೇ ಮುಂದೆ ನಿಂತು ದುಡ್ಡು ಹಾಕಿಸಿದ.

2021ರ ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ತಡೆ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಅದೇ ತಿಂಗಳು ಬೆಳಗಾವಿಯ ಒಂದು ಚರ್ಚಿಗೆ ಒಬ್ಬ ಕತ್ತಿ ಹಿಡಿದು ನುಗ್ಗಿದ್ದ. ಆಗ ಫಾದರ್ ಸುಮ್ಮನೆ ಕೂರಲಿಲ್ಲ. ಮಸೂದೆ ವಿರುದ್ಧ ಬಹಿರಂಗವಾಗಿ ಮಾತಾಡಿದರು, ಮನವಿಗೆ ಸಹಿ ಹಾಕಿದರು. ಊರಿನ ಒಬ್ಬರೂ "ಇವರಿಗೆ ಸೀಟು ಬೇಕಾಗಿದೆ" ಎನ್ನಲಿಲ್ಲ. ಸಹಿ ಹಾಕಿದವರಲ್ಲಿ ಆ ಅಜ್ಜಿಯ ಮಗನೂ ಇದ್ದ.

ಮುಂದೆ ಎಂದಿನ ಪದ್ಧತಿಯಂತೆ ಫಾದರ್‌ಗೆ ಬೇರೆ ಊರಿಗೆ ವರ್ಗವಾಯಿತು, ಪಂಚಾಯಿತಿಯ ಅವಧಿ ಇನ್ನೂ ಬಾಕಿ ಇರುವಾಗಲೇ. ಗೆದ್ದಿದ್ದರೆ ಆ ವಾರ್ಡು ಖಾಲಿ ಬೀಳುತ್ತಿತ್ತು, ಇಲ್ಲವೇ ಅವರು ಮಾತು ಮುರಿಯಬೇಕಾಗುತ್ತಿತ್ತು. ಹೊಸದಾಗಿ ಬಂದ ಫಾದರ್‌ರನ್ನೂ ಜನ ಕೇಳಿದ್ದಾರೆ, ಈ ಸಲ ನೀವು ನಿಲ್ಲುತ್ತೀರಾ ಎಂದು. ಉತ್ತರ ಕೊಟ್ಟಿದ್ದು ಸ್ತ್ರೀ ಶಕ್ತಿ ಸಂಘದವರು: ಅವರನ್ಯಾಕ ಕೇಳ್ತೀರಿ, ನಾವಿಲ್ಲೇನು? ವಾರ್ಡಿನ ಮೀಸಲಾತಿ ಅನುಕೂಲವಾದರೆ ಆ ಹೆಣ್ಣುಮಗಳೇ ಮತ್ತೆ ನಿಲ್ಲುತ್ತಾಳೆ.